ಜಗಲಿಯ ಮಾತು: ತಗ್ಗಿನಲ್ಲಿ ಹಾರುವ ಆಸೆ

ನಮ್ಮ ಬದನವಾಳಿನಲ್ಲಿ, ನಮ್ಮ ಮನೆಯಿಂದ ನಾಲ್ಕು ಮನೆಗಳಾಚೆ, ಎಂಬತ್ತು ವರ್ಷ ದಾಟಿದ ಅಜ್ಜಿಯೊಬ್ಬರು ಇದ್ದಾರೆ. ಅವರ ಮೊಮ್ಮಗನು ಬಾಲ್ಯದಲ್ಲಿ ನನ್ನ ಬಳಿ ರಾಮಶಬ್ದದಿಂದ ಮೊದಲ್ಗೊಂಡು ಸಂಸ್ಕೃತದ ಮೊದಲ ಪಾಠಗಳನ್ನು ಓದಿದವನು. ಈಗ ದೂರದ ಊರೊಂದರಲ್ಲಿ ವಿಮಾನ ನಡೆಸುವ ವಿದ್ಯೆಯನ್ನು ಕಲಿಯುತ್ತಿದ್ದಾನೆ. ಗುರುವಿನ ಸಹಾಯವಿಲ್ಲದೆ ತಾನೊಬ್ಬನೇ ವಿಮಾನವನ್ನು ಏರಿಸಿ ಇಳಿಸಿದ ದಿನ ಅಜ್ಜಿಯು ಕೇರಿಗೆಲ್ಲ ಸಕ್ಕರೆ ಹಂಚಿದರು. ಕಳೆದ ಮಾಘಮಾಸದಲ್ಲಿ, ದೂರಪ್ರಯಾಣದ ಅಭ್ಯಾಸಕ್ಕಾಗಿ ಅವನು ನಮ್ಮ ಸೀಮೆಯ ಮೇಲೆಯೇ ಹಾದುಹೋಗುವ ದಿನವೊಂದು ಬರಲಿದೆಯೆಂದು ತಿಳಿದಾಗ, ಅವರ ಸಂತೋಷಕ್ಕೆ ಮೇರೆಯೇ ಇಲ್ಲವಾಯಿತು. ದೂರವಾಣಿಯಲ್ಲಿ ಅವನಿಗೆ ಒಂದೇ ಅಪ್ಪಣೆ ಮಾಡಿದರು: "ಮಗು, ನಮ್ಮ ಮನೆಯ ಮೇಲೆ ಬಂದಾಗ ಸ್ವಲ್ಪ ತಗ್ಗಿ ಬಾ. ನಿನ್ನ ಮುಖ ಕಾಣುವಷ್ಟು ತಗ್ಗಿದರೆ ಸಾಕು."

ಎರಡು ದಿನಗಳ ಮೇಲೆ ಹುಡುಗನಿಂದ ನನಗೆ ಒಂದು ಪತ್ರ ಬಂದಿತು. "ಅಜ್ಜಿಗೆ ಇಲ್ಲವೆನ್ನಲು ನನಗೆ ಬಾಯಿ ಬರುವುದಿಲ್ಲ, ಹೂಂ ಎಂದರೆ ಆಗಬಾರದುದು ಆದೀತು. ತಾವೇ ಅವರಿಗೆ ತಿಳಿಯಹೇಳಬೇಕು" ಎಂದು ಬರೆದಿದ್ದನು. ಓದುತ್ತ ನಾನು ತಲೆ ತಗ್ಗಿಸಿದೆನು. ಏಕೆಂದರೆ ಅವನು ಆ ಶಾಲೆಗೆ ಹೊರಟ ದಿನ ಆಶೀರ್ವಾದ ಪಡೆಯಲು ಬಂದಾಗ, "ಒಂದು ದಿನ ನಮ್ಮ ಶಾಲೆಯ ಹೆಂಚಿನ ಮೇಲೆ ಒಂದು ಸುತ್ತು ಹಾಕಿ ಹೋಗಯ್ಯ" ಎಂದು ನಗುತ್ತ ಹೇಳಿದವನು ನಾನೇ. ಅಜ್ಜಿಯ ಆಸೆಗೆ ಬೀಜ ಬಿತ್ತಿದ್ದು ಪ್ರಾಯಶಃ ನನ್ನ ಮಾತೇ. ಆದುದರಿಂದ ಅದನ್ನು ಕೀಳುವ ಕೆಲಸವೂ ನನ್ನದಾಯಿತು. ಅದಕ್ಕಾಗಿ ನಾನು ಓದಿ ವಿಚಾರಿಸಿ ತಿಳಿದುಕೊಂಡುದನ್ನು ಈ ತಿಂಗಳು ವಾಚಕ ಮಹಾಶಯರ ಮುಂದೆ ಇಡುತ್ತೇನೆ. ಇಂದು ಹಳ್ಳಿಹಳ್ಳಿಯಿಂದ ಮಕ್ಕಳು ಈ ವಿದ್ಯೆಗೆ ಹೋಗುತ್ತಿರುವುದರಿಂದ, ಇದು ಗೃಹಸ್ಥರು ತಿಳಿದಿರಬೇಕಾದ ವಿಷಯವೇ ಆಗಿದೆ.

ನಮ್ಮ ಪುರಾಣಗಳನ್ನು ಕೇಳಿದವರಿಗೆ ಹಾರುವವನ ಅಪಾಯವೆಂದರೆ ಎತ್ತರವೇ. ಸಂಪಾತಿಯೂ ಜಟಾಯುವೂ ಪಂತ ಕಟ್ಟಿ ಸೂರ್ಯಮಂಡಲದ ಕಡೆಗೆ ಏರಿದರು. ತಮ್ಮನನ್ನು ಕಾಪಾಡಲು ರೆಕ್ಕೆ ಹರಡಿದ ಸಂಪಾತಿಯ ರೆಕ್ಕೆಗಳು ಸುಟ್ಟುಹೋದವು. ಈ ಕಥೆಯನ್ನು ಕೇಳಿ ಬೆಳೆದ ನಾವು, ವಿಮಾನವು ನೆಲಕ್ಕೆ ಹತ್ತಿರವಿದ್ದಷ್ಟೂ ಕ್ಷೇಮವೆಂದು ಎಣಿಸುತ್ತೇವೆ. ಮರವೇರಿದ ಮಗುವಿಗೆ "ಕೆಳಗಿನ ಕೊಂಬೆಯಲ್ಲೇ ಇರು" ಎಂದು ಕೂಗುವ ತಾಯಿಯ ಲೆಕ್ಕವೂ ಇದೇ. ಮರದ ವಿಷಯದಲ್ಲಿ ಆ ಲೆಕ್ಕ ಸರಿ. ವಿಮಾನದ ವಿಷಯದಲ್ಲಿ ಅದು ತಲೆಕೆಳಗು. ವೈಮಾನಿಕನಿಗೆ ಎತ್ತರವೆಂಬುದು ಗೃಹಸ್ಥನ ಪೆಟ್ಟಿಗೆಯಲ್ಲಿರುವ ಉಳಿತಾಯದ ಹಣವಿದ್ದಂತೆ. ಕಷ್ಟಕಾಲ ಬಾರದಿದ್ದರೆ ಅದರ ನೆನಪೂ ಆಗದು. ಬಂದರೆ ಅದೇ ಗತಿ.

ಈ ಉಳಿತಾಯವನ್ನು ಅಂಕಿಗಳಲ್ಲಿ ಎಣಿಸಿ ನೋಡೋಣ. ಇಬ್ಬರು ನಾಲ್ವರು ಕುಳಿತುಕೊಳ್ಳುವ, ಒಂದೇ ಎಂಜಿನ್ನಿನ ಸಣ್ಣ ವಿಮಾನವು ಎಂಜಿನ್ ನಿಂತೊಡನೆ ಕಲ್ಲಿನಂತೆ ಬೀಳುವುದಿಲ್ಲ. ರೆಕ್ಕೆಗಳ ಬಲದಿಂದ ತೇಲುತ್ತ ಇಳಿಯುತ್ತದೆ. ಸಾಮಾನ್ಯವಾದ ತರಬೇತಿ ವಿಮಾನವು ಒಂದು ಮೀಟರು ಇಳಿಯುವಷ್ಟರಲ್ಲಿ ಸುಮಾರು 9 ಮೀಟರು ಮುಂದಕ್ಕೆ ಸಾಗಬಲ್ಲದು. ಹಾಗಾದರೆ 300 ಮೀಟರು ಎತ್ತರದಲ್ಲಿ ಎಂಜಿನ್ ಕೈಕೊಟ್ಟರೆ ವೈಮಾನಿಕನಿಗೆ ಹೆಚ್ಚುಕಡಿಮೆ 2,700 ಮೀಟರು ದಾರಿಯೂ 80 ಸೆಕೆಂಡು ವೇಳೆಯೂ ಉಂಟು. ನಮ್ಮೂರಿನ ಮೇಲಿದ್ದರೆ ಅಷ್ಟರಲ್ಲಿ ಒಣಗಿದ ಕೆರೆಯಂಗಳವನ್ನೋ ರಾಗಿ ಕೊಯ್ದ ಹೊಲವನ್ನೋ ಆರಿಸಿಕೊಂಡು ಇಳಿಯಬಹುದು. ಅದೇ ವಿಮಾನ 30 ಮೀಟರು ಎತ್ತರದಲ್ಲಿದ್ದರೆ ದಾರಿ 270 ಮೀಟರು, ವೇಳೆ 8 ಸೆಕೆಂಡು. ಎದುರಿಗೆ ತೆಂಗಿನ ತೋಟವಿದ್ದರೆ ತೆಂಗಿನ ತೋಟವೇ ಇಳಿದಾಣ. ಮುಖ ಕಾಣುವಷ್ಟು ತಗ್ಗಿ ಬರಬೇಕೆಂದು ಅಜ್ಜಿ ಕೇಳಿದುದು ಈ ಎರಡನೆಯ ಲೆಕ್ಕವನ್ನೇ.

ಎಂಜಿನ್ ನಿಲ್ಲುವುದು ಅಪೂರ್ವವೆಂದೇ ಇಟ್ಟುಕೊಳ್ಳೋಣ. ಎಂಜಿನ್ನು ಸರಿಯಾಗಿ ನಡೆಯುತ್ತಿರುವಾಗಲೂ ತಗ್ಗಿನಲ್ಲಿ ಕಾದಿರುವ ಇನ್ನೊಂದು ವಿಪತ್ತುಂಟು. ಅದರ ಹೆಸರು ಸ್ಟಾಲ್. ನಾನು ಅದನ್ನು ಆಧಾರಭ್ರಂಶವೆಂದು ಕರೆದುಕೊಂಡಿದ್ದೇನೆ. ವಿಮಾನದ ರೆಕ್ಕೆಯು ಗಾಳಿಗೆ ಸ್ವಲ್ಪ ಓರೆಯಾಗಿ ಎದುರಾಗಿ, ಗಾಳಿಯನ್ನು ಕೆಳಕ್ಕೆ ತಿರುಗಿಸಿ, ಅದರ ಪ್ರತಿಯಾಗಿ ತಾನು ಮೇಲಕ್ಕೆ ಎತ್ತಲ್ಪಡುತ್ತದೆ. ಓರೆಯು ಹೆಚ್ಚಿದಷ್ಟೂ ಎತ್ತುವ ಬಲವೂ ಹೆಚ್ಚುವುದು. ಆದರೆ ಇದಕ್ಕೊಂದು ಮಿತಿಯಿದೆ. ಸಾಧಾರಣವಾದ ರೆಕ್ಕೆಗೆ ಆ ಮಿತಿ ಸುಮಾರು 15 ರಿಂದ 16 ಡಿಗ್ರಿ. ಅದನ್ನು ಮೀರಿದೊಡನೆ ಗಾಳಿಯ ಪ್ರವಾಹವು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಸಿಡಿದು ಸುಳಿಯಾಗುತ್ತದೆ. ಎತ್ತುವ ಬಲವು ಕುಗ್ಗಿ ವಿಮಾನ ಕುಸಿಯುತ್ತದೆ. ಎಂಜಿನ್ನು ಎಷ್ಟು ಗರ್ಜಿಸಿದರೂ ಆ ರೆಕ್ಕೆ ಆಗ ರೆಕ್ಕೆಯಲ್ಲ.

ನೇರವಾಗಿ ಹಾರುವಾಗ ಈ ಮಿತಿಯು ದೂರದಲ್ಲಿರುತ್ತದೆ. ತಿರುಗುವಾಗ ಅದು ಹತ್ತಿರಕ್ಕೆ ಬರುತ್ತದೆ. ವಿಮಾನವು ಗಾಡಿಯಂತೆ ಚಕ್ರ ಹೊರಳಿಸಿ ತಿರುಗುವುದಿಲ್ಲ. ಪಕ್ಕಕ್ಕೆ ವಾಲಿ ತಿರುಗುತ್ತದೆ. ಹೀಗೆ ವಾಲಿದಾಗ ರೆಕ್ಕೆಗಳ ಬಲದಲ್ಲಿ ಒಂದಂಶವು ತಿರುಗಿಸುವುದಕ್ಕೆ ವ್ಯಯವಾಗುವುದರಿಂದ, ಎತ್ತರ ಕಳೆದುಕೊಳ್ಳದೆ ಇರಬೇಕಾದರೆ ಒಟ್ಟು ಬಲವು ಹೆಚ್ಚಬೇಕು. 45 ಡಿಗ್ರಿ ವಾಲಿದರೆ ರೆಕ್ಕೆಗಳು ಹೊರಬೇಕಾದ ಭಾರ 1.41 ಪಟ್ಟು, 60 ಡಿಗ್ರಿಗೆ 2 ಪಟ್ಟು. ನೇರ ಹಾರಾಟದಲ್ಲಿ ಗಂಟೆಗೆ 80 ಕಿಲೋಮೀಟರು ವೇಗಕ್ಕೆ ಇಳಿದಾಗ ಆಧಾರ ತಪ್ಪುವ ವಿಮಾನವು 45 ಡಿಗ್ರಿಯ ತಿರುವಿನಲ್ಲಿ 95ಕ್ಕೇ ತಪ್ಪುತ್ತದೆ, 60 ಡಿಗ್ರಿಯಲ್ಲಿ 113ಕ್ಕೇ ತಪ್ಪುತ್ತದೆ. ಒಂದು ಕ್ಷಣದ ಹಿಂದೆ ಧಾರಾಳವಾಗಿದ್ದ ವೇಗವೇ ವಾಲಿದ ಮಾತ್ರಕ್ಕೆ ಸಾಲದಾಗುವುದು. ಹೆಚ್ಚು ತೂಕ ಹೊತ್ತ ಚೀಲದ ಹಿಡಿ ತಾನಾಗಿಯೇ ಕಿತ್ತು ಬರುವಂತೆ ಇದು.

ಈಗ ನಮ್ಮ ಮನೆಯ ಮೇಲಿನ ಆಕಾಶಕ್ಕೆ ಬರೋಣ. ಹುಡುಗನು ತಗ್ಗಿ ಬಂದನೆಂದು ಊಹಿಸಿರಿ. ತಾರಸಿಯ ಮೇಲೆ ಅಜ್ಜಿ ನಿಂತಿದ್ದಾರೆ. ಮಕ್ಕಳು ಕೆಂಪು ಸೀರೆಯನ್ನು ಬೀಸುತ್ತಿದ್ದಾರೆ. ಅವನ ದೃಷ್ಟಿಯೆಲ್ಲ ಒಳಬದಿಯ ರೆಕ್ಕೆಯ ತುದಿಯ ಕೆಳಗಿನ ಆ ಒಂದು ತಾರಸಿಯ ಮೇಲೆ. ಮನೆಯು ಕಣ್ಣಿನಿಂದ ತಪ್ಪಿಹೋಗದಿರಲೆಂದು ಅವನು ಇನ್ನಷ್ಟು ವಾಲುತ್ತಾನೆ, ಹಿಡಿಯನ್ನು ಇನ್ನಷ್ಟು ತನ್ನ ಕಡೆಗೆ ಎಳೆಯುತ್ತಾನೆ. ಅಷ್ಟರಲ್ಲಿ ಗಾಳಿಯೂ ಒಂದು ಮೋಸ ಮಾಡುತ್ತದೆ. ಗಾಳಿಯಲ್ಲಿ ಗಂಟೆಗೆ 110 ಕಿಲೋಮೀಟರು ಸಾಗುತ್ತಿರುವ ವಿಮಾನಕ್ಕೆ 30 ಕಿಲೋಮೀಟರಿನ ಗಾಳಿ ಹಿಂದಿನಿಂದ ಬೀಸಿದರೆ, ನೆಲದ ಮೇಲೆ ಅದು 140ರಲ್ಲಿ ಓಡುವಂತೆ ಕಾಣುತ್ತದೆ. ಎತ್ತರದಲ್ಲಿದ್ದರೆ ಇದು ಅರಿವಿಗೇ ಬಾರದು. ತಗ್ಗಿನಲ್ಲಿ ಹೊಲಗಳೂ ಹೆಂಚುಗಳೂ ಬಿರುಸಿನಿಂದ ಹಿಂದೆ ಸರಿಯುವುದನ್ನು ಕಂಡ ಕಣ್ಣು "ವೇಗ ಅತಿಯಾಯಿತು" ಎಂದು ಸಾಕ್ಷಿ ಹೇಳುತ್ತದೆ. ಕೈಯು ಎಂಜಿನ್ನಿನ ಬಲವನ್ನು ತಗ್ಗಿಸುತ್ತದೆ. ಕಾಲು ತಿರುವನ್ನು ಬೇಗ ಮುಗಿಸಲು ಒಳಬದಿಯ ಪೆಡಲನ್ನು ಒತ್ತುತ್ತದೆ. ಒಳಬದಿಯ ರೆಕ್ಕೆ ಮೊದಲು ಆಧಾರ ತಪ್ಪುತ್ತದೆ. ವಿಮಾನವು ಆ ಕಡೆಗೆ ಮಗುಚಿ, ಮೂಗು ಕೆಳಗಾಗಿ, ಬುಗುರಿಯಂತೆ ಸುತ್ತುತ್ತ ಬೀಳುತ್ತದೆ. ಇದೇ ಸ್ಪಿನ್.

ಇದು ನನ್ನ ಕಲ್ಪನೆಯಲ್ಲ. ಅಮೆರಿಕೆಯ ಅಲಾಸ್ಕಾ ಪ್ರಾಂತದಲ್ಲಿ ಮೂಸ್ ಎಂಬ ದೊಡ್ಡ ಕಾಡುಮೃಗವನ್ನು ಕಾಣಲು ತಗ್ಗಿನಲ್ಲಿ ಸುತ್ತುಹೊಡೆಯುವ ವೈಮಾನಿಕರಿಗೆ ಇದೇ ಗತಿಯೊದಗಿದುದು ಎಷ್ಟು ಸಲವೆಂದರೆ, ಅಲ್ಲಿಯವರು ಅದಕ್ಕೆ 'ಮೂಸ್ ಸ್ಟಾಲ್' ಎಂದು ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ ಮೃಗ, ಇಲ್ಲಿ ಮನೆಯಂಗಳ. ನೋಟವು ನೆಲದ ಒಂದು ಬಿಂದುವಿಗೆ ಕಟ್ಟುಬಿದ್ದು ವಿಮಾನದ ಮೇಲಿನ ಗಮನ ತಪ್ಪುವುದು ಎರಡು ಕಡೆಯೂ ಒಂದೇ. ಮನೆಯ ಮೋಹವು ಮೃಗದ ಕುತೂಹಲಕ್ಕಿಂತ ಹೆಚ್ಚಿನ ಸೆಳೆತವುಳ್ಳದ್ದೆಂದು ಬೇರೆ ಹೇಳಬೇಕಾಗಿಲ್ಲ.

ಎತ್ತರದಲ್ಲಿ ಹೀಗಾದರೆ ಬಿಡುಗಡೆಯುಂಟು. ಒಳ್ಳೆಯ ಗುರುಗಳು ಶಿಷ್ಯರಿಗೆ ಸಾಕಷ್ಟು ಎತ್ತರದಲ್ಲಿ ಬೇಕೆಂದೇ ಆಧಾರಭ್ರಂಶವನ್ನು ಉಂಟುಮಾಡಿ, ಅದರಿಂದ ಪಾರಾಗುವುದನ್ನು ಕಲಿಸುತ್ತಾರೆ. ಹಿಡಿಯನ್ನು ಮುಂದಕ್ಕೆ ಬಿಟ್ಟು ರೆಕ್ಕೆಯ ಓರೆಯನ್ನು ತಗ್ಗಿಸಿದರೆ ಗಾಳಿಯು ಮತ್ತೆ ರೆಕ್ಕೆಗೆ ಅಂಟಿಕೊಳ್ಳುತ್ತದೆ. ಪಳಗಿದ ಕೈಗೆ ಇದಕ್ಕೆ 30 ರಿಂದ 60 ಮೀಟರು ಎತ್ತರ ವ್ಯಯವಾದೀತು. ಸ್ಪಿನ್ ಹತ್ತಿಕೊಂಡರೆ, ತಿರುಗುವ ದಿಕ್ಕಿಗೆ ವಿರೋಧವಾಗಿ ಪೆಡಲನ್ನು ಒತ್ತಿ, ಅನಂತರ ಹಿಡಿಯನ್ನು ಮುಂದಕ್ಕೊತ್ತಿ, ಮೆಲ್ಲನೆ ಮೇಲೆತ್ತುವಷ್ಟರಲ್ಲಿ 300 ಮೀಟರು ಕಳೆದುಹೋಗುವುದೂ ಸಾಮಾನ್ಯವೇ. ಮನೆಯ ಹೆಂಚಿನಿಂದ 50 ಮೀಟರು ಮೇಲಿರುವವನು 300 ಮೀಟರನ್ನು ಎಲ್ಲಿಂದ ತಂದಾನು? ಅವನಿಗೆ ವಿದ್ಯೆ ತಿಳಿದಿದ್ದೂ ಪ್ರಯೋಜನವಿಲ್ಲ. ಅದನ್ನು ಪ್ರಯೋಗಿಸಲು ಸ್ಥಳವಿಲ್ಲ.

ಇನ್ನೂ ಒಂದು ಕ್ರೂರವಾದ ಸಂಗತಿಯಿದೆ. ನೆಲವು ಎದುರಿಗೆ ಏರಿ ಬರುತ್ತಿರುವಾಗ ಮೂಗನ್ನು ಕೆಳಕ್ಕೆ ಮಾಡಬೇಕೆಂದರೆ ಮನುಷ್ಯನ ಕೈ ಒಪ್ಪುವುದಿಲ್ಲ. ಜನ್ಮದ ಸಹಜಪ್ರವೃತ್ತಿಯೇ ಹಿಡಿಯನ್ನು ಹಿಂದಕ್ಕೆ ಎಳೆಯುವಂತೆ ಮಾಡುತ್ತದೆ. ಎಳೆದಷ್ಟೂ ಓರೆ ಹೆಚ್ಚಿ ಪತನವು ದೃಢವಾಗುತ್ತದೆ. 1912ನೆಯ ಇಸವಿಯ ಆಗಸ್ಟ್ 25ರಂದು ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನ ಮೇಲೆ ವಿಲ್ಫ್ರೆಡ್ ಪಾರ್ಕ್ ಎಂಬ ನೌಕಾದಳದ ವೈಮಾನಿಕನು ಸುಮಾರು 700 ಅಡಿ ಎತ್ತರದಲ್ಲಿ ಇಂತಹ ಸುತ್ತುಬೀಳಿಗೆ ಸಿಕ್ಕಿದನು. ಆ ಕಾಲದಲ್ಲಿ ಅದರ ಪರಿಹಾರವನ್ನು ಬಲ್ಲವರು ವಿರಳ. ಅವನು ಮೊದಲು ಹಿಡಿಯನ್ನು ಹಿಂದಕ್ಕೆಳೆದು ನೋಡಿದನು, ಫಲವಾಗಲಿಲ್ಲ. ಕಡೆಗೆ ಪೆಡಲನ್ನು ವಿರುದ್ಧ ದಿಕ್ಕಿಗೆ ಒತ್ತಿದಾಗ ವಿಮಾನ ಸರಿಹೋಯಿತು. ಆಗ ನೆಲಕ್ಕೆ ಉಳಿದಿದ್ದ ಅಂತರ ಸುಮಾರು 50 ಅಡಿ. ಅವನನ್ನು ಉಳಿಸಿದ್ದು ಆ 700 ಅಡಿಗಳು. ಅದೇ ಪಾರ್ಕನು ಅದೇ ವರ್ಷದ ಡಿಸೆಂಬರಿನಲ್ಲಿ ವೆಂಬ್ಲಿಯ ಬಳಿ ಮತ್ತೊಂದು ವಿಮಾನದ ಅಪಘಾತದಲ್ಲಿ ಮಡಿದನು. ಒಮ್ಮೆ ಬದುಕಿಬಂದ ಕೌಶಲವು ಮುಂದಿನ ಸಲಕ್ಕೆ ಠೇವಣಿಯಾಗಿ ಉಳಿಯುವುದಿಲ್ಲ.

"ಇದೆಲ್ಲ ಹಳೆಯ ಕಾಲದ ಯಂತ್ರಗಳ ಮಾತು" ಎನ್ನುವವರುಂಟು. 1980ರ ಜೂನ್ 23ರಂದು ದೆಹಲಿಯ ಸಫ್ದರ್‌ಜಂಗ್ ವಿಮಾನ ನಿಲ್ದಾಣದ ಸಮೀಪದಲ್ಲಿ ಸಂಜಯ ಗಾಂಧಿಯವರೂ ಅವರೊಡನಿದ್ದ ಕ್ಯಾಪ್ಟನ್ ಸುಭಾಷ್ ಸಕ್ಸೇನಾ ಅವರೂ ತೀರಿಹೋದುದು ಪಿಟ್ಸ್ ಎಂಬ ಸಣ್ಣ ವಿಮಾನದಲ್ಲಿ, ತಗ್ಗಿನಲ್ಲಿ ಚಮತ್ಕಾರದ ಹಾರಾಟ ನಡೆಸುತ್ತಿದ್ದಾಗ. ಆ ವಿಮಾನವು ಅಂತಹ ಚಮತ್ಕಾರಗಳಿಗೆಂದೇ ರಚಿತವಾದುದು, ಜೊತೆಗಿದ್ದವರು ಅನುಭವಿಗಳು. ಯಂತ್ರದ ಗುಣವೂ ಜೊತೆಗಾರನ ಅನುಭವವೂ ಇಲ್ಲದ ಎತ್ತರವನ್ನು ಸೃಷ್ಟಿಸಲಾರವು.

ನಮ್ಮ ನಾಡಿನ ಸಮೀಪದ ಎರಡು ಘಟನೆಗಳನ್ನೂ ಇಲ್ಲಿ ನೆನೆಯಬೇಕು. 2019ರ ಫೆಬ್ರುವರಿ 19ರಂದು ಬೆಂಗಳೂರಿನ ಯಲಹಂಕದಲ್ಲಿ, ವೈಮಾನಿಕ ಪ್ರದರ್ಶನದ ಹಿಂದಿನ ದಿನ, ಅಭ್ಯಾಸದಲ್ಲಿದ್ದ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಒಂದಕ್ಕೊಂದು ತಗುಲಿದವು. ಇಬ್ಬರು ಆಸನಸಮೇತ ಹೊರಕ್ಕೆ ಚಿಮ್ಮಿ ಬದುಕಿದರು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿಯವರು ಬದುಕಲಿಲ್ಲ. ದಿನವೂ ಅದನ್ನೇ ಅಭ್ಯಾಸ ಮಾಡುವ, ದೇಶದಲ್ಲೇ ಆಯ್ದ ನಿಪುಣರ ಪಾಡು ಇದು. ಎರಡನೆಯದು ನಮ್ಮ ನೆರೆಯ ಜಿಲ್ಲೆಯದು. 2023ರ ಜೂನ್ 1ರಂದು ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ವಿಮಾನವೊಂದು ಬಿದ್ದು ನುಚ್ಚುನೂರಾಯಿತು. ಅದರಲ್ಲಿದ್ದ ಇಬ್ಬರೂ, ಅವರಲ್ಲೊಬ್ಬರು ಮಹಿಳೆ, ಆಸನಸಮೇತ ಹೊರಬಿದ್ದು ಪ್ಯಾರಾಚೂಟಿನಿಂದ ಇಳಿದು ಜೀವವುಳಿಸಿಕೊಂಡರು. ನಮ್ಮೂರವರಲ್ಲಿ ಅದನ್ನು ಕುರಿತು ಮಾತನಾಡದವರಿಲ್ಲ. ಆದರೆ ಒಂದನ್ನು ಮರೆಯುತ್ತಾರೆ: ಚಿಮ್ಮುವ ಆ ಆಸನವು ಯುದ್ಧವಿಮಾನಗಳಿಗೂ ಸೇನೆಯ ಕೆಲವು ತರಬೇತಿ ವಿಮಾನಗಳಿಗೂ ಮಾತ್ರ ಉಂಟು. ಶಾಲೆಯ ಹುಡುಗನು ಕೂರುವ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಅಂತಹುದೇನೂ ಇರುವುದಿಲ್ಲ. ಅವನಿಗಿರುವ ಆಸರೆ ಎತ್ತರವೊಂದೇ.

ತಗ್ಗಿನ ಆಕಾಶದಲ್ಲಿ ಬೇರೆ ಶತ್ರುಗಳೂ ಇದ್ದಾರೆ. ಹೊಲಗಳ ಮೇಲೆ ಹಾದುಹೋಗುವ ವಿದ್ಯುತ್ತಿನ ತಂತಿಯು ಕೆಳಗಿನಿಂದ ನೋಡುವ ನಮಗೆ ಆಕಾಶದ ಬಿಳುಪಿನ ಮೇಲೆ ಕಪ್ಪುಗೆರೆಯಾಗಿ ಕಾಣುತ್ತದೆ. ಮೇಲಿನಿಂದ ಬರುವವನಿಗೆ ಅದು ಮಣ್ಣಿನ ಬಣ್ಣದಲ್ಲಿ ಬೆರೆತು ಮಾಯವಾಗುತ್ತದೆ. ಕಂಬವನ್ನು ಕಂಡು ತಂತಿಯನ್ನು ಊಹಿಸಬೇಕಷ್ಟೆ. ಹದ್ದು, ಗರುಡ, ಬೆಳ್ಳಕ್ಕಿಗಳ ಸಂಚಾರವೂ ಬಹುಮಟ್ಟಿಗೆ ಈ ತಗ್ಗಿನ ಪದರದಲ್ಲಿಯೇ. ಇದಲ್ಲದೆ ನಮ್ಮ ಮೈಸೂರು ಸೀಮೆಯು ಸಮುದ್ರಮಟ್ಟದಿಂದ ಸುಮಾರು 700 ಮೀಟರು ಮೇಲಿರುವುದು. ಫಾಲ್ಗುಣ ಚೈತ್ರಗಳ ಮಧ್ಯಾಹ್ನದಲ್ಲಿ ಉಷ್ಣತೆ 35 ಡಿಗ್ರಿಗೆ ಏರಿದರೆ ಇಲ್ಲಿಯ ಗಾಳಿ ಎಷ್ಟು ತೆಳುವಾಗುವುದೆಂದರೆ, ವಿಮಾನಕ್ಕೆ ತಾನು 5,000 ಅಡಿಗೂ ಮಿಕ್ಕ ಬೆಟ್ಟದ ನೆತ್ತಿಯಲ್ಲಿ ಇದ್ದಂತೆ ಆಗುತ್ತದೆ. ಎಂಜಿನ್ನಿನ ಬಲ ಕುಗ್ಗುತ್ತದೆ, ಮೇಲಕ್ಕೆ ಏರುವ ಶಕ್ತಿ ಕುಗ್ಗುತ್ತದೆ. ಕಾದ ಹೊಲದಿಂದ ಏಳುವ ಗಾಳಿಯೂ ಕೆರೆಯ ಮೇಲೆ ಇಳಿಯುವ ಗಾಳಿಯೂ ಸಣ್ಣ ವಿಮಾನವನ್ನು ಕೇರುವ ಮೊರದಂತೆ ಎತ್ತಿ ಹಾಕುತ್ತವೆ. ಎತ್ತರದಲ್ಲಿ ಇದು ಕುಲುಕಾಟ ಮಾತ್ರ; ತೆಂಗಿನ ತಲೆಯ ಮಟ್ಟದಲ್ಲಿ ಪ್ರಾಣಾಂತಿಕ.

ಆದುದರಿಂದಲೇ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವು, ಏರುವಾಗ ಇಳಿಯುವಾಗ ಹೊರತು, ಜನವಸತಿಯ ಮೇಲೆ ಹಾರುವವನು 600 ಮೀಟರು ತ್ರಿಜ್ಯದೊಳಗಿನ ಅತ್ಯುನ್ನತವಾದ ಕಟ್ಟಡಕ್ಕಿಂತ ಕನಿಷ್ಠ 300 ಮೀಟರು ಮೇಲಿರಬೇಕೆಂದೂ, ಉಳಿದೆಡೆ ನೆಲದಿಂದ 150 ಮೀಟರಿಗೆ ಕಡಿಮೆಯಿರಬಾರದೆಂದೂ ವಿಧಿಸಿದೆ. ಹೊಲಕ್ಕೆ ಔಷಧಿ ಸಿಂಪಡಿಸುವವರು, ಕಾಡುಗಿಚ್ಚು ಆರಿಸುವವರು ವಿಶೇಷವಾದ ಅನುಮತಿಯಿಂದಲೂ ತರಬೇತಿಯಿಂದಲೂ ತಗ್ಗಿನಲ್ಲಿ ಹಾರುತ್ತಾರೆ, ನಿಜ. ಅವರು ಮೊದಲು ನೆಲವನ್ನು ಸಮೀಕ್ಷಿಸಿ, ಪ್ರತಿಯೊಂದು ತಂತಿಯನ್ನೂ ಗುರುತಿಸಿ, ಅನಂತರ ಕೆಲಸಕ್ಕೆ ಇಳಿಯತಕ್ಕವರು. ಹಾಗಿದ್ದೂ ಆ ವೃತ್ತಿಯಲ್ಲಿ ಅಪಾಯ ಹೆಚ್ಚು. ಬಂಧುಗಳಿಗೆ ಕೈಬೀಸಲು ಬಂದವನಿಗೆ ಆ ಸಮೀಕ್ಷೆಯೂ ಇಲ್ಲ, ಆ ಕಾರ್ಯದ ಅವಶ್ಯಕತೆಯೂ ಇಲ್ಲ.

ಇಷ್ಟನ್ನು ಮನಸ್ಸಿನಲ್ಲಿ ತುಂಬಿಕೊಂಡು ಒಂದು ಸಾಯಂಕಾಲ ಅಜ್ಜಿಯ ಜಗಲಿಗೆ ಹೋದೆನು. ಡಿಗ್ರಿ, ಕೋನ, ಪಟ್ಟುಗಳ ಲೆಕ್ಕ ಅಲ್ಲಿ ನಡೆಯಲಿಲ್ಲ. ಅವರು ಕೇಳಿದುದು ಒಂದೇ ಮಾತು: "ಅವನಿಗೆ ವಿದ್ಯೆ ಬರುವುದಿಲ್ಲವೆ, ಮೇಷ್ಟ್ರೇ?" ಬರುತ್ತದೆಂದೆ. "ಹಾಗಾದರೆ ಭಯವೇತಕ್ಕೆ?" ನಾನು ಉತ್ತರ ತೋಚದೆ ಸುಮ್ಮನಾದೆನು. ಅಷ್ಟರಲ್ಲಿ ಮೂಲೆಯಲ್ಲಿದ್ದ ಹಳೆಯ ಚರಕವು ನನ್ನ ಕಣ್ಣಿಗೆ ಬಿದ್ದಿತು. ಗಾಂಧೀಜಿಯವರು 1927ರಲ್ಲಿ ಬಂದು ನೋಡಿದರೆಂದು ನಮ್ಮೂರವರು ಅಭಿಮಾನದಿಂದ ಹೇಳಿಕೊಳ್ಳುವ ಇಲ್ಲಿಯ ಖಾದಿಕೇಂದ್ರದಲ್ಲಿ ಈ ಅಜ್ಜಿಯು ಅನೇಕ ವರ್ಷ ನೂಲು ತೆಗೆದವರು.

"ಅಮ್ಮ, ಹೊಸದಾಗಿ ನೂಲುವವಳ ಕೈಯಲ್ಲಿ ಎಳೆ ತೆಳುವಾದರೆ ಅವಳು ಏನು ಮಾಡುತ್ತಾಳೆ?" ಎಂದು ಕೇಳಿದೆನು.

"ಇನ್ನೂ ಎಳೆಯುತ್ತಾಳೆ. ಎಳೆದರೆ ಹರಿಯುತ್ತದೆ. ಕೈ ಸಡಿಲಿಸಿ ಹಂಜಿಗೆ ಎಡೆ ಕೊಡಬೇಕು."

"ಸಡಿಲಿಸಲು ಎಡೆಯೇ ಇಲ್ಲದಿದ್ದರೆ? ಕೈ ಕದಿರಿಗೇ ತಾಗುತ್ತಿದ್ದರೆ?"

ಅವರು ನನ್ನ ಮುಖವನ್ನೇ ನೋಡಿದರು. "ಆಗ ಕೈ ಬಲ್ಲವಳಾದರೂ ಎಳೆ ಹೋಯಿತು" ಎಂದರು.

"ಮೊಮ್ಮಗನ ಕೈಯೂ ಬಲ್ಲದು, ಅಮ್ಮ. ನಮ್ಮ ಮನೆಯ ಹೆಂಚಿನ ಮೇಲೆ ಅವನಿಗೆ ಸಡಿಲಿಸಲು ಎಡೆಯಿಲ್ಲ. ಎಡೆ ಇರುವುದು ಮೇಲೆ" ಎಂದೆನು.

ಬಹಳ ಹೊತ್ತು ಅವರು ಮಾತಾಡಲಿಲ್ಲ. ಕತ್ತಲಾಗುತ್ತಿರಲು ಸೊಸೆ ದೀಪ ಹಚ್ಚಿದಳು. ಆಮೇಲೆ ಅಜ್ಜಿಯು, "ನಾನು ಕೇಳಿದ್ದು ತಪ್ಪು. ಕೇಳಿದವಳು ನಾನಾದ್ದರಿಂದ ಬೇಡವೆನ್ನಬೇಕಾದವಳೂ ನಾನೇ" ಎಂದು ದೂರವಾಣಿಯನ್ನು ತರಿಸಿ ಮೊಮ್ಮಗನಿಗೆ ಹೇಳಿದರು: "ಮಗು, ನೀನು ತಗ್ಗಬೇಡ. ಎಷ್ಟು ಮೇಲೆ ಹೋಗಬೇಕೋ ಅಷ್ಟು ಮೇಲೆ ಹೋಗು. ನಾನು ಕೆಳಗಿನಿಂದ ನಮಸ್ಕಾರ ಮಾಡುತ್ತೇನೆ." ನಾನೂ ಆ ದೂರವಾಣಿಯನ್ನು ಈಸಿಕೊಂಡು, ಶಾಲೆಯ ಹೆಂಚಿನ ಮೇಲೆ ಸುತ್ತು ಹಾಕಲು ಹೇಳಿದ್ದ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡೆನು. ಶಿಷ್ಯನಲ್ಲಿ ತಪ್ಪೊಪ್ಪಿಕೊಳ್ಳುವುದು ನಲವತ್ತು ವರ್ಷದ ಅಧ್ಯಾಪಕನಿಗೆ ಸುಲಭವಲ್ಲ. ಆದರೂ ಆ ರಾತ್ರಿ ನನಗೆ ಒಳ್ಳೆಯ ನಿದ್ರೆ ಬಂದಿತು.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ತಗ್ಗಿನಲ್ಲಿ ಹಾರಿ ಕೆಟ್ಟ ತರುಣರನ್ನು ನಾವು ಉದ್ಧಟರೆಂದು ನಿಂದಿಸುತ್ತೇವೆ. ಅವರಲ್ಲಿ ಹಲವರು ನೋಡುವವರಿಗಾಗಿ ತಗ್ಗಿದವರು. ತಾರಸಿಯ ಮೇಲೆ ಸೇರಿದ ಬಂಧುಗಳ ಕೈಬೀಸು, ಚಿತ್ರ ತೆಗೆಯಲು ಎತ್ತಿದ ದೂರವಾಣಿ, "ಇನ್ನೊಂದು ಸಲ ಬಾ" ಎಂಬ ಕೂಗು, ಇವೆಲ್ಲ ಆ ಹಿಡಿಯನ್ನು ಎಳೆಯುವ ಕೈಗಳೇ. ಎರಡನೆಯ ಸುತ್ತು ಮೊದಲನೆಯದಕ್ಕಿಂತ ತಗ್ಗು, ಮೂರನೆಯದು ಅದಕ್ಕಿಂತಲೂ ತಗ್ಗು. ಮನೆಯ ಮಗನೋ ಮಗಳೋ ಈ ವಿದ್ಯೆ ಕಲಿಯುತ್ತಿದ್ದರೆ, ಊರಿನ ಮೇಲೆ ಬರಲು ಹೇಳಬೇಡಿರಿ. ಅವರಾಗಿ ಬರುತ್ತೇನೆಂದರೂ ಬೇಡವೆನ್ನಿರಿ. ತಗ್ಗಿ ಹಾರಿದ ಕಥೆಯನ್ನು ಯಾರಾದರೂ ಸಾಹಸವೆಂದು ಹೇಳಿದರೆ ನಗದೆ, ಹೊಗಳದೆ ಇರಿ. ಎತ್ತರದಲ್ಲಿ ನೆಟ್ಟಗೆ ಹಾರಿ, ಹೇಳಿದ ವೇಳೆಗೆ ಮೆತ್ತಗೆ ಇಳಿದುದನ್ನು ಕೇಳಿ ಹೊಗಳಿರಿ.

ಫಾಲ್ಗುಣದ ಒಂದು ಬೆಳಗ್ಗೆ, ಬಿಸಿಲು ಏರುವ ಮೊದಲೇ, ಆ ವಿಮಾನವು ನಮ್ಮೂರಿನ ಮೇಲೆ ಹಾದುಹೋಯಿತು. ಗರುಡನಿಗಿಂತ ಚಿಕ್ಕದಾಗಿ ಕಂಡಿತು. ಸದ್ದು ಕಾಫಿ ಪುಡಿಯ ಯಂತ್ರದಷ್ಟು. ಅಜ್ಜಿಯು ಅಂಗಳದಲ್ಲಿ ಕೈಮುಗಿದು ನಿಂತು, ಅದು ಕಪಿಲೆಯ ಕಡೆಗೆ ಸರಿದು ಕಾಣದಾಗುವವರೆಗೂ ನೋಡಿದರು. "ಅವನೇ ಹೌದೋ ಅಲ್ಲವೋ" ಎಂದು ಮಕ್ಕಳು ವಾದಿಸುತ್ತಿದ್ದರು. ಸಂಜೆ ಅವನಿಂದ ದೂರವಾಣಿ ಬಂದಿತು: ಕ್ಷೇಮವಾಗಿ ಇಳಿದೆನು, ಅವಲಕ್ಕಿ ತಿಂದೆನು ಎಂದು.

ಮುಂದಿನ ವಾರ ರಜ ದೊರೆತು ಅವನು ಮೈಸೂರಿನಿಂದ ರೈಲಿನಲ್ಲಿ ಬಂದು ನಮ್ಮ ಬದನವಾಳು ನಿಲ್ದಾಣದಲ್ಲಿ ಇಳಿದನು. ಅಜ್ಜಿಯು ಅವನ ಗಲ್ಲವನ್ನು ಎರಡು ಕೈಗಳಿಂದಲೂ ಹಿಡಿದು, "ಮುಖ ನೋಡಬೇಕಾದರೆ ಹೀಗೆ ಬರಬೇಕು" ಎಂದರು.